ನಗೋಕೆ ಆಗ್ತಿಲ್ಲ ಅಂತ ಬರೆದ ಸಹೋದರಿಗೆ

ಪ್ರೀತಿಯ ಸಹೋದರಿ, ಕರ್ತನಲ್ಲಿ ವಂದನೆಗಳು.

ನಿಮ್ಮ ಪತ್ರ ಬಂದು ಮೂರು ವಾರ ಆಯ್ತು, ತಡ ಮಾಡಿದ್ದಕ್ಕೆ ಕ್ಷಮಿಸಿ. ಎರಡು ಸಲ ಉತ್ತರ ಬರೆದೆ, ಎರಡು ಸಲವೂ ಓದಿ ನೋಡಿದ್ರೆ ಯಾರೋ ಸ್ಟೇಜ್ ಮೇಲೆ ನಿಂತು ನಿಮಗೆ ಬುದ್ಧಿ ಹೇಳ್ತಾ ಇರೋ ಹಾಗಿತ್ತು, ಅಂಥ ಬುದ್ಧಿಮಾತು ನಿಮಗೆ ಈಗಾಗಲೇ ಬೇಕಾದಷ್ಟು ಸಿಕ್ಕಿದೆ ಅಂತ ಪತ್ರದಲ್ಲೇ ಗೊತ್ತಾಗುತ್ತೆ, ಅದಕ್ಕೆ ಆ ಎರಡನ್ನೂ ಬಿಟ್ಟು ಮೂರನೇ ಸಲ ಬರೀತಾ ಇದ್ದೀನಿ.

ಹೆಸರು ಹಾಕಬೇಡಿ ಅಂದಿದ್ರಿ, ಹಾಕಿಲ್ಲ. ಉಳಿದ ಓದುಗರಿಗೆ ವಿಷಯ ತಿಳೀಲಿ ಅಂತ ಸ್ವಲ್ಪ ಮಾತ್ರ ಹೇಳ್ತೀನಿ. ಎಂಟು ತಿಂಗಳ ಹಿಂದೆ ನಿಮ್ಮ ಯಜಮಾನರು ತೀರಿಕೊಂಡ್ರು, ಅವರ ಟ್ರೀಟ್‌ಮೆಂಟಿಗೆ ಮಾಡಿದ ಸಾಲ ಹಾಗೇ ಇದೆ, ಮಗಳು ಇನ್ನೂ ಸ್ಕೂಲಲ್ಲಿದ್ದಾಳೆ. ಪ್ರತಿ ಭಾನುವಾರ ಚರ್ಚಿಗೆ ಹೋಗ್ತೀರಿ, ಎಲ್ಲರ ಜೊತೆ ಹಾಡ್ತೀರಿ, ಯಾರಾದ್ರೂ ಹೇಗಿದ್ದೀರಿ ಅಂದ್ರೆ "ದೇವರಿಗೆ ಸ್ತೋತ್ರ, ಚೆನ್ನಾಗಿದ್ದೀನಿ" ಅಂತೀರಿ, ಮನೆಗೆ ಬಂದು ಬಾತ್‌ರೂಮಲ್ಲಿ ನಲ್ಲಿ ಬಿಟ್ಟುಕೊಂಡು ಅಳ್ತೀರಿ, ಮಗಳಿಗೆ ಕೇಳಿಸಬಾರದು ಅಂತ. ಸಭೆಯ ಹಿರಿಯರೊಬ್ಬರು "ಇಷ್ಟು ತಿಂಗಳಾದ್ರೂ ಅಳ್ತೀರಲ್ಲಮ್ಮ, ಯಾವಾಗಲೂ ಸಂತೋಷಿಸಿರಿ ಅಂತ ವಾಕ್ಯ ಇಲ್ವಾ, ನಿಮ್ಮ ವಿಶ್ವಾಸದಲ್ಲಿ ಏನೋ ಕಮ್ಮಿ ಆಗಿದೆ" ಅಂದ್ರಂತೆ. ಅದಾದ ಮೇಲೆ ನೀವು ಕೇಳಿರೋದು ಒಂದೇ ಪ್ರಶ್ನೆ: "ಸರ್, ನನಗೆ ಸಂತೋಷನೇ ಬರ್ತಿಲ್ಲ, ಹಾಗಾದ್ರೆ ನನ್ನ ವಿಶ್ವಾಸ ಸುಳ್ಳಾ?"

ಸುಳ್ಳಲ್ಲಮ್ಮ. ಈ ಪುಟದ ಕೊನೆವರೆಗೂ ಓದೋಕೆ ನಿಮಗೆ ಇವತ್ತು ಶಕ್ತಿ ಇಲ್ಲದೆ ಇರಬಹುದು, ಅದಕ್ಕೇ ಇಲ್ಲೇ ಹೇಳಿಬಿಡ್ತೀನಿ, ಸುಳ್ಳಲ್ಲ.

ಆ ಹಿರಿಯರು ಹೇಳಿದ ವಾಕ್ಯ ಎಲ್ಲಿದೆ ಅಂತ ನಿಮಗೂ ಗೊತ್ತು, ಬೈಬಲಿನಲ್ಲಿ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯದಲ್ಲಿ, "ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ" ಅಂತ. ಇಡೀ ಪತ್ರ ಇರೋದೇ ನಾಲ್ಕು ಅಧ್ಯಾಯ, ಅದನ್ನ ಬರೆಯುವಾಗ ಪೌಲ ಸೆರೆಯಲ್ಲಿದ್ದ, ಬದುಕ್ತೀನೋ ಸಾಯ್ತೀನೋ ಅಂತ ಅವನಿಗೇ ಗೊತ್ತಿರಲಿಲ್ಲ. ಇಲ್ಲಿವರೆಗೆ ಎಲ್ಲ ಪ್ರಸಂಗದಲ್ಲೂ ಕೇಳಿರ್ತೀರಿ. ಆದ್ರೆ ಅದೇ ಪತ್ರದ ಎರಡನೇ ಅಧ್ಯಾಯಕ್ಕೆ ಬನ್ನಿ. ಅಲ್ಲಿ ಎಪಫ್ರೊದೀತ ಅನ್ನೋ ಗೆಳೆಯನ ಸುದ್ದಿ ಇದೆ, ಪೌಲನಿಗೆ ಸಹಾಯ ಮಾಡೋಕೆ ಅಂತ ಬಂದವನು ಕಾಯಿಲೆ ಬಿದ್ದು ಸಾಯೋ ಸ್ಥಿತಿಗೆ ಹೋಗಿದ್ದ, ಆಮೇಲೆ ಉಳಿದ. ದೇವರು ಅವನ ಮೇಲೆ ಕರುಣೆ ಇಟ್ಟನು, ಅವನ ಮೇಲೆ ಮಾತ್ರ ಅಲ್ಲ ನನ್ನ ಮೇಲೂ ಇಟ್ಟನು, ನನಗೆ ದುಃಖದ ಮೇಲೆ ದುಃಖ ಬರಬಾರದು ಅಂತ, ಹೀಗೆ ಬರೀತಾನೆ ಪೌಲ. ದುಃಖದ ಮೇಲೆ ದುಃಖ! ಅಂದ್ರೆ ಒಂದು ದುಃಖ ಆಗಲೇ ಇತ್ತು, ಗೆಳೆಯ ಸತ್ತಿದ್ರೆ ಎರಡನೇದನ್ನ ತಡಕೊಳ್ಳೋಕೆ ಆಗ್ತಿರಲಿಲ್ಲ ಅಂತ ಒಪ್ಪಿಕೊಳ್ತಾ ಇದ್ದಾನೆ. ಸಂತೋಷಿಸಿರಿ ಅಂತ ಬರೆದ ಕೈಯೇ ಇದನ್ನೂ ಬರೆದಿದ್ದು, ಅದೂ ಒಂದೇ ಪತ್ರದಲ್ಲಿ. ನಿಮ್ಮ ಗೆಳೆಯ, ನಿಮ್ಮ ಜೊತೆ ಸಂಸಾರ ಮಾಡಿದವರು, ಉಳಿಯಲೇ ಇಲ್ಲ. ಪೌಲ ನಿಮ್ಮ ಮನೆಗೆ ಬಂದಿದ್ರೆ ಮೊದಲು ಆ ಎರಡನೇ ಅಧ್ಯಾಯದ ಮಾತೇ ಆಡ್ತಿದ್ದ ಅಂತ ನನಗನ್ಸುತ್ತೆ.

ಯೇಸುವಿನ ವಿಷಯ ಇದಕ್ಕಿಂತ ದೊಡ್ಡದು. ಹಿಡಿದುಕೊಡಲ್ಪಟ್ಟ ರಾತ್ರಿ ಶಿಷ್ಯರಿಗೆ ಹೇಳಿದ ಮಾತುಗಳು ಯೋಹಾನನ ಸುವಾರ್ತೆಯಲ್ಲಿ ಉದ್ದಕ್ಕೆ ಇವೆ, ಹದಿನೈದನೇ ಅಧ್ಯಾಯದಲ್ಲಿ ನನ್ನ ಸಂತೋಷ ನಿಮ್ಮಲ್ಲಿ ಇರಬೇಕು ಅಂತಾನೆ, ಹದಿನಾರರಲ್ಲಿ ನಿಮ್ಮ ಸಂತೋಷವನ್ನ ಯಾರೂ ನಿಮ್ಮಿಂದ ಕಿತ್ಕೊಳ್ಳೋದಿಲ್ಲ ಅಂತಾನೆ. ಅದಾಗಿ ಸ್ವಲ್ಪ ಹೊತ್ತಿಗೇ, ಅದೇ ರಾತ್ರಿ, ಗೆತ್ಸೇಮನೆ ತೋಟದಲ್ಲಿ ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ, ನೀವು ಇಲ್ಲೇ ಇದ್ದು ನನ್ನ ಜೊತೆ ಎಚ್ಚರವಾಗಿರಿ ಅಂತ ಮೂವರು ಶಿಷ್ಯರನ್ನ ಬೇಡಿಕೊಳ್ತಾನೆ. ಈ ಎರಡನ್ನೂ ಪಕ್ಕ ಪಕ್ಕ ಇಟ್ಟು ನಾನು ಎಷ್ಟೋ ವರ್ಷ ಓದಿರಲೇ ಇಲ್ಲ, ಬೇರೆ ಬೇರೆ ಸುವಾರ್ತೆಯಲ್ಲಿ ಬರುತ್ತಲ್ಲ ಅದಕ್ಕೆ. ಒಂದೇ ರಾತ್ರಿ, ಒಂದೇ ಬಾಯಿ. ಸಂತೋಷ ಅಂದ್ರೆ ದುಃಖ ಇಲ್ಲದಿರೋದು ಅಂತಾದ್ರೆ ಆ ರಾತ್ರಿ ಯೇಸುವಿಗೂ ಸಂತೋಷ ಇರಲಿಲ್ಲ ಅಂತ ಹೇಳಬೇಕಾಗುತ್ತೆ, ಆತನ ವಿಶ್ವಾಸದಲ್ಲೂ ಏನೋ ಕಮ್ಮಿ ಅನ್ನಬೇಕಾಗುತ್ತೆ, ಹಾಗೆ ಹೇಳೋಕೆ ಯಾರಿಗೆ ಬಾಯಿ ಬರುತ್ತೆ ಹೇಳಿ.

ತೀರಿಕೊಂಡಿದ್ದ ಗೆಳೆಯ ಲಾಜರನ ಸಮಾಧಿ ಹತ್ತಿರವೂ ಅಷ್ಟೇ. ಇನ್ನು ಸ್ವಲ್ಪ ಹೊತ್ತಲ್ಲಿ ಅವನನ್ನ ಎಬ್ಬಿಸ್ತೀನಿ ಅಂತ ಆತನಿಗೆ ಗೊತ್ತಿತ್ತು, ಆದ್ರೂ ಲಾಜರನ ಸಹೋದರಿ ಮರಿಯಳು ಅಳೋದು ನೋಡಿ "ಯೇಸು ಕಣ್ಣೀರು ಬಿಟ್ಟನು". ಪುನರುತ್ಥಾನದ ಭರವಸೆ ಇದ್ದವರು ಅಳಬಾರದು ಅನ್ನೋರಿಗೆ ಆ ಮೂರು ಪದ ಸಾಕು. ಸತ್ತವರಿಗಾಗಿ ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅಂತ ಪೌಲ ಥೆಸಲೋನಿಕದವರಿಗೆ ಬರೆದಿದ್ದು ನಿಜ, ಆದ್ರೆ ದುಃಖಿಸಲೇಬೇಡಿ ಅಂತ ಎಲ್ಲೂ ಬರೆದಿಲ್ಲ.

ನನ್ನ ವಿಷಯ ಸ್ವಲ್ಪ ಹೇಳ್ತೀನಿ, ಈ ಕಾಲಮ್‌ನಲ್ಲಿ ಸಾಮಾನ್ಯವಾಗಿ ಹೇಳೋದಿಲ್ಲ. ನಮ್ಮ ಎರಡನೇ ಮಗು ಹುಟ್ಟಿ ಹನ್ನೊಂದು ದಿನಕ್ಕೆ ಹೋಯ್ತು. ಆಗ ನಾನು ಇದೇ ಪತ್ರಿಕೆಗೆ ಪ್ರತಿ ತಿಂಗಳು ಧ್ಯಾನ ಲೇಖನ ಬರೀತಿದ್ದೆ, ಆ ತಿಂಗಳೂ ಬರೆದೆ, ಬಹಳ ಚೆನ್ನಾಗಿ ಬರೆದಿದ್ದೀರಿ ಅಂತ ಜನ ಮೆಸೇಜ್ ಮಾಡಿದ್ರು, ಆದ್ರೆ ಅದನ್ನ ಬರೆದ ಮೇಜಿನ ಮುಂದೆ ಕೂತು ನನ್ನಿಂದ ಒಂದು ಸಾಲು ಪ್ರಾರ್ಥನೆ ಮಾಡೋಕೆ ಆಗ್ತಿರಲಿಲ್ಲ. ನೋಡೋಕೆ ಬಂದವರು ತುಂಬಾ ಮಾತಾಡಿದ್ರು, ದೇವರಿಗೆ ಒಂದು ಹೂವು ಬೇಕಿತ್ತು ಅಂದ್ರು, ಇನ್ನೊಂದು ಆಗುತ್ತೆ ಬಿಡಿ ಅಂದ್ರು, ನನ್ನ ಹೆಂಡತಿ ಎದ್ದು ಒಳಗೆ ಹೋಗಿಬಿಡ್ತಿದ್ಳು. ಒಬ್ಬ ಸ್ನೇಹಿತ ಮಾತ್ರ ದಿನಾ ಸಂಜೆ ಬಂದು ಕೂತ್ಕೊಳ್ತಿದ್ದ, ಏನೂ ಹೇಳ್ತಿರಲಿಲ್ಲ, ಹೋಗುವಾಗ ನನ್ನ ಕೈ ಹಿಡಿದು "ಇವತ್ತು ನಿಮ್ಮಿಬ್ಬರ ಪ್ರಾರ್ಥನೆ ನಾನು ಮಾಡಿದ್ದೀನಿ, ನೀವು ಮಲ್ಕೊಳ್ಳಿ" ಅಂತ ಹೇಳಿ ಹೋಗ್ತಿದ್ದ. ಈ ಮಾತಿನ ಬೆಲೆ ನನಗೆ ಆಮೇಲೆ ಗೊತ್ತಾಯ್ತು. ಇದಕ್ಕೆ ಮತ್ತೆ ಬರ್ತೀನಿ.

ಬೈಬಲಿನಲ್ಲಿರೋ ಪ್ರಲಾಪಗಳು ಅನ್ನೋ ಪುಸ್ತಕ ಯಾವಾಗ್ಲಾದ್ರೂ ಪೂರ್ತಿ ಓದಿದ್ದೀರಾ? ಕ್ರಿ.ಪೂ. 586ರಲ್ಲಿ ಬಾಬೆಲಿನವರು ಯೆರೂಸಲೇಮನ್ನ ಸುಟ್ಟು ಹಾಳು ಮಾಡಿದ ಮೇಲಿನ ಅಳು ಅದು, ಐದು ಅಧ್ಯಾಯ. ಮೊದಲ ನಾಲ್ಕು ಅಧ್ಯಾಯಗಳನ್ನ ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳ ಪ್ರಕಾರ ಒಂದೊಂದಾಗಿ ಕಟ್ಟಿದ್ದಾರೆ, ಅಂದ್ರೆ ಅ ಇಂದ ಳ ವರೆಗೆ ಅತ್ತ ಹಾಗೆ, ಯಾವ ಅಕ್ಷರವನ್ನೂ ಬಿಡದೆ. ದೇವರ ಕರುಣೆ ಮುಗಿದುಹೋಗೋದಿಲ್ಲ, ಬೆಳಬೆಳಿಗ್ಗೆ ಹೊಸದಾಗುತ್ತೆ ಅಂತ ನಾವೆಲ್ಲ ಕ್ಯಾಲೆಂಡರ್ ಮೇಲೆ ಓದ್ತೀವಲ್ಲ, ಆ ವಚನ ಇರೋದು ಇಲ್ಲೇ, ಮೂರನೇ ಅಧ್ಯಾಯದಲ್ಲಿ. ಅಂದ್ರೆ ಪುಸ್ತಕದ ನಡುವಲ್ಲಿ. ಅದನ್ನ ಹೇಳಿದ ಮೇಲೂ ಅಳು ನಿಲ್ಲೋದಿಲ್ಲ, ನಾಲ್ಕನೇ ಅಧ್ಯಾಯದಲ್ಲಿ ಮತ್ತೆ ಶುರು, ಐದನೇದು ನಮ್ಮನ್ನ ಪೂರ್ತಿ ತಳ್ಳಿಬಿಟ್ಟೆಯಾ ಅನ್ನೋ ಥರದ ಮಾತಲ್ಲೇ ಮುಗಿಯುತ್ತೆ. ಮೊದಲು ಅತ್ತು ಮುಗಿಸಿ ಆಮೇಲೆ ನಿರೀಕ್ಷೆ ಬರುತ್ತೆ ಅಂತ ನಾವು ಅಂದ್ಕೋತೀವಿ, ಅಲ್ಲಿ ಹಾಗಿಲ್ಲ, ಅಳುವಿನ ನಡುವೆ ಒಂದು ಬೆಳಿಗ್ಗೆ ಅದು ಕಾಣಿಸಿತು, ಕಂಡದ್ದನ್ನ ಅವರು ಬರೆದಿಟ್ರು, ಮತ್ತೆ ಅತ್ತರು. ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲಿದೆ, ಬರೆಯುವಾಗ ನೀವು ಗಮನಿಸಿದ್ರೋ ಇಲ್ವೋ, "ಒಂದಿನ ಮಗಳು ಅವರ ಹಾಗೇ ನಕ್ಕಳು, ಆಗ ಒಂದು ಕ್ಷಣ ಮನಸ್ಸು ಹಗುರ ಆಯ್ತು, ಆಮೇಲೆ ತಪ್ಪು ಮಾಡಿದೆ ಅನ್ನಿಸಿತು" ಅಂತ. ಅದು ತಪ್ಪಲ್ಲ. ನಿಮ್ಮ ಮೂರನೇ ಅಧ್ಯಾಯ ಅದು. ಮರುದಿನ ಮತ್ತೆ ಅತ್ರಿ ಅಂತ ಅದು ಸುಳ್ಳಾಗೋದಿಲ್ಲ.

ಇನ್ನೊಂದು ಮಾತು ಪತ್ರದ ಕೊನೇಲಿ ಇತ್ತು, ನಾನೂ ಇಲ್ಲದಿದ್ರೆ ಒಳ್ಳೇದಿತ್ತೇನೋ ಅಂತ. ಅದನ್ನ ಓದಿ ದಾಟಿ ಹೋಗೋಕೆ ನನ್ನಿಂದ ಆಗಲಿಲ್ಲ. ಪ್ರವಾದಿ ಎಲೀಯನೂ ಹೀಗೇ ಹೇಳಿದ್ದ, ಜಾಲೀಗಿಡದ ಕೆಳಗೆ ಕೂತು ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ. ದೇವದೂತ ಬಂದು ಅವನಿಗೆ ಪ್ರಸಂಗ ಮಾಡಲಿಲ್ಲ, ಮುಟ್ಟಿ ಎಬ್ಬಿಸಿ ಎದ್ದು ತಿನ್ನು ಅಂದ, ಪಕ್ಕದಲ್ಲಿ ಬಿಸಿ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ, ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ. ದೇವರ ಮೊದಲ ಉತ್ತರ ಊಟ ಮತ್ತು ನಿದ್ದೆ ಆಗಿತ್ತು. ಅದಕ್ಕೆ ನಿಮ್ಮನ್ನ ಕೇಳಿಕೊಳ್ತೀನಿ, ಸರಿಯಾಗಿ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ ಅಂತ ಬರೆದಿದ್ದೀರಿ, ಈ ವಾರವೇ ಡಾಕ್ಟರ ಹತ್ರ ಹೋಗಿ, ಇಲ್ಲದಿದ್ರೆ ಒಳ್ಳೇದಿತ್ತು ಅನ್ನೋ ಯೋಚನೆ ಬರ್ತಿದೆ ಅಂತಲೂ ಮುಚ್ಚಿಡದೆ ಹೇಳಿ, ಆ ಯೋಚನೆ ಬಂದ ದಿನವೇ ನೀವು ನಂಬೋ ಒಬ್ಬರಿಗೆ ಫೋನ್ ಮಾಡಿ, ರಾತ್ರಿ ಎಷ್ಟು ಹೊತ್ತಾದ್ರೂ ಸರಿ. ಮಾತ್ರೆ ತಗೊಂಡ್ರೆ ವಿಶ್ವಾಸ ಇಲ್ಲ ಅಂತಲ್ಲ, ದೇವದೂತ ಕೊಟ್ಟ ರೊಟ್ಟಿ ತಿಂದವನನ್ನ ಯಾರೂ ಅವಿಶ್ವಾಸಿ ಅನ್ನಲಿಲ್ಲ.

ಇಂಗ್ಲೆಂಡಿನಲ್ಲಿ ವಿಲಿಯಂ ಕೂಪರ್ ಅಂತ ಒಬ್ಬ ಕವಿ ಇದ್ದರು, 1731ರಲ್ಲಿ ಹುಟ್ಟಿದವರು, ಅವರು ಬರೆದ ಭಕ್ತಿಗೀತೆಗಳನ್ನ ಇವತ್ತಿಗೂ ಚರ್ಚುಗಳಲ್ಲಿ ಹಾಡ್ತಾರೆ. ಡಿಪ್ರೆಶನ್ ಅವರನ್ನ ಜೀವನವಿಡೀ ಬಿಡಲಿಲ್ಲ, 1773ರಲ್ಲಿ ಬಹಳ ಕೆಟ್ಟದಾಗಿ ಬಂತು, ದೇವರು ನನ್ನ ಕೈಬಿಟ್ಟಿದ್ದಾನೆ ಅಂತಲೇ ನಂಬಿಬಿಟ್ರು. ಆಗ ಅವರ ಸಭಾಪಾಲಕರು, ಅಮೇಜಿಂಗ್ ಗ್ರೇಸ್ ಅನ್ನೋ ಹಾಡು ಬರೆದ ಜಾನ್ ನ್ಯೂಟನ್, ಅವರನ್ನ ತಮ್ಮ ಮನೆಗೇ ಕರ್ಕೊಂಡು ಬಂದು ಒಂದು ವರ್ಷಕ್ಕೂ ಮೇಲೆ ಇಟ್ಟುಕೊಂಡು ನೋಡ್ಕೊಂಡ್ರು. ಕೂಪರ್ ಪೂರ್ತಿ ವಾಸಿ ಆದ್ರು ಅಂತ ಹೇಳೋಕೆ ನನಗೆ ಆಸೆ, ಆದ್ರೆ ಆಗಲಿಲ್ಲ, 1800ರಲ್ಲಿ ತೀರಿಕೊಳ್ಳೋವರೆಗೂ ಆ ಕತ್ತಲು ಬಂದು ಹೋಗ್ತಾನೇ ಇತ್ತು. ಆದ್ರೆ 1779ರಲ್ಲಿ ನ್ಯೂಟನ್ ಇಬ್ಬರ ಹಾಡುಗಳನ್ನೂ ಸೇರಿಸಿ ಪುಸ್ತಕ ಮಾಡಿದಾಗ ಕೂಪರ್ ಹಾಡುಗಳನ್ನ ಹೊರಗಿಡಲಿಲ್ಲ. ಕೂಪರ್ ತನ್ನ ಬಗ್ಗೆ ನಂಬೋಕೆ ಆಗದೆ ಇದ್ದದ್ದನ್ನ ನ್ಯೂಟನ್ ಅವರ ಪರವಾಗಿ ನಂಬಿದ್ರು ಅಂತ ನಾನು ಅರ್ಥ ಮಾಡ್ಕೊಂಡಿದ್ದೀನಿ.

ಹಾಗಾದ್ರೆ ಸಂತೋಷಿಸಿರಿ ಅನ್ನೋ ಮಾತಿಗೆ ಅರ್ಥ ಇಲ್ವಾ ಅಂತ ಕೇಳಿದ್ರೆ, ಇದೆ, ನಾನು ಅದನ್ನ ಬಿಟ್ಟುಕೊಡೋದಿಲ್ಲ. ಮುಖದ ಮೇಲೆ ತಂದುಕೊಳ್ಳೋ ನಗು ಅಲ್ಲ ಅದು. ಯೇಸು ಎದ್ದಿದ್ದಾನೆ, ಸಮಾಧಿ ಖಾಲಿ ಆಯ್ತು, ನಿಮ್ಮ ಯಜಮಾನರು ಆತನ ಕೈಯಲ್ಲಿದ್ದಾರೆ, ನೀವೂ ಆತನ ಕೈಯಲ್ಲೇ ಇದ್ದೀರಿ, ಇದು ನಿಮ್ಮ ಮೂಡ್ ಮೇಲೆ ನಿಂತಿರೋ ವಿಷಯ ಅಲ್ಲ, ನೀವು ಬಾತ್‌ರೂಮಲ್ಲಿ ಅಳೋವಾಗಲೂ ಅದು ನಿಜ, ನಿಮಗೆ ಏನೂ ಅನ್ನಿಸದೆ ಇರೋ ದಿನವೂ ನಿಜ. ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯದ ಗುರುತು ಹಾಗೇ ಇತ್ತಲ್ಲ, ನಂಬದೆ ಇದ್ದ ಶಿಷ್ಯ ತೋಮನಿಗೆ ಅದನ್ನೇ ತೋರಿಸಿದ್ದು. ಗಾಯ ಅಳಿಸಿ ಹೋದ ಮೇಲೆ ಬರೋ ಸಂತೋಷ ಅಂತ ನಾನು ಮೊದಲು ತಿಳ್ಕೊಂಡಿದ್ದೆ. ಈಗ ಹಾಗೆ ಅನ್ಸೋದಿಲ್ಲ. ಹನ್ನೊಂದು ದಿನದ ಆ ಮಗುವಿನ ಹೆಸರು ಹೇಳಿದ್ರೆ ಇವತ್ತಿಗೂ ನನ್ನ ಹೆಂಡತಿ ಕಣ್ಣು ತುಂಬಿಕೊಳ್ತಾಳೆ, ಈಸ್ಟರ್ ಬೆಳಿಗ್ಗೆ ಚರ್ಚಲ್ಲಿ ಎಲ್ಲರಿಗಿಂತ ಜೋರಾಗಿ ಹಾಡೋದೂ ಅವಳೇ.

ಆ ಹಿರಿಯರ ಮೇಲೆ ಕೋಪ ಇಟ್ಟುಕೊಳ್ಳಬೇಡಿ, ಏನು ಹೇಳಬೇಕು ಅಂತ ಗೊತ್ತಾಗದೆ ಹೇಳಿರ್ತಾರೆ. ಆದ್ರೆ ಓದ್ತಾ ಇರೋ ಸಭೆಯವರಿಗೆ ಒಂದು ಮಾತು: ಅಳುವವರ ಸಂಗಡ ಅಳಿರಿ ಅನ್ನೋದೂ ವಾಕ್ಯವೇ, ರೋಮಾಪುರದವರಿಗೆ ಬರೆದ ಪತ್ರದ ಹನ್ನೆರಡನೇ ಅಧ್ಯಾಯ. ಎಂಟು ತಿಂಗಳಾದ ಮೇಲೆ ಎಲ್ಲರೂ ಮರೀತಾರೆ, ಆಗಲೇ ಹೋಗಿ. ಸಾಲದ ವಿಷಯದಲ್ಲಿ ಕೈ ಹಿಡಿಯೋಕೆ ಆದ್ರೆ ಹಿಡೀರಿ, ಬರೀ ಪ್ರಾರ್ಥನೆ ಮಾಡ್ತೀನಿ ಅಂದು ಬಂದುಬಿಡಬೇಡಿ.

ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ ಅಂತಲೂ ಬರೆದಿದ್ದೀರಿ. ಮಾರ್ಕನ ಸುವಾರ್ತೆ ಎರಡನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನ ನಾಲ್ಕು ಜನ ಹೊತ್ತು ತಂದು, ಮನೆ ತುಂಬಾ ಜನ ಇದ್ದದ್ದರಿಂದ ಚಾವಣಿ ಬಿಚ್ಚಿ ಕೆಳಗಿಳಿಸಿದ್ರಲ್ಲ, ಯೇಸು "ಅವರ ನಂಬಿಕೆಯನ್ನು ನೋಡಿ" ಅಂತಿದೆ ಅಲ್ಲಿ, ಅವನ ನಂಬಿಕೆ ಅಂತಿಲ್ಲ, ಅವರ. ಮಲಗಿದ್ದವನು ಒಂದು ಮಾತಾದ್ರೂ ಆಡಿದ ಅಂತ ಬರೆದೇ ಇಲ್ಲ. ನನ್ನ ಸ್ನೇಹಿತ ಸಂಜೆ ಹೊತ್ತು ಮಾಡ್ತಿದ್ದ ಕೆಲಸ ಅದೇ ಆಗಿತ್ತು, ಹಾಸಿಗೆಯ ಒಂದು ಮೂಲೆ ಹಿಡಿದಿದ್ದ.

ಅದಕ್ಕೆ ಒಂದು ಕೆಲಸ ಮಾಡೋಣ. ಹದಿಮೂರನೇ ಕೀರ್ತನೆ ತೆಗೀರಿ, ಚಿಕ್ಕದು, ಆರೇ ವಚನ. ಮೊದಲ ಎರಡು ವಚನದಲ್ಲೇ ದಾವೀದ ನಾಲ್ಕು ಸಲ ಇನ್ನೆಷ್ಟರವರೆಗೆ, ಇನ್ನೆಷ್ಟರವರೆಗೆ ಅಂತ ಕೇಳ್ತಾನೆ. ರಾತ್ರಿ ನಲ್ಲಿ ಬಿಟ್ಟುಕೊಳ್ಳದೆ, ಮಗಳಿಗೆ ಕೇಳಿಸಿದ್ರೂ ಪರವಾಗಿಲ್ಲ, ಆ ಎರಡು ವಚನ ಮಾತ್ರ ಜೋರಾಗಿ ಓದಿ, ಅವಳಿಗೂ ಅಪ್ಪನ ನೆನಪಾಗಿ ಅಳು ಬಂದ್ರೆ ಇಬ್ಬರೂ ಅಳಿ. ಮುಂದೆ ನಿನ್ನ ಪ್ರೀತಿಯಲ್ಲಿ ಭರವಸೆ ಇಟ್ಟಿದ್ದೀನಿ, ಹಾಡ್ತೀನಿ ಅಂತ ಬರುತ್ತೆ, ಅದು ಬಾಯಿಗೆ ಬರದಿದ್ರೆ ಅಲ್ಲಿಗೇ ನಿಲ್ಲಿಸಿ ಮಲ್ಕೊಳ್ಳಿ. ನಾನೂ ನನ್ನ ಹೆಂಡತಿಯೂ ದಿನಾ ರಾತ್ರಿ ಒಂಬತ್ತೂವರೆಗೆ ಪ್ರಾರ್ಥನೆಗೆ ಕೂತ್ಕೋತೀವಿ, ಉಳಿದ ನಾಲ್ಕು ವಚನ ನಾವು ಓದ್ತೀವಿ.