‘ನೋಡಲೇ ಇಲ್ಲ’ ಎಂಬ ಮಾತು ಮತ್ತು ಒಂದು ಸೈಲೆನ್ಸರ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಇಪ್ಪತ್ತಾರು ವರ್ಷದ ಈ ಯುವಕ ನನ್ನ ಬಳಿಗೆ ತಾನಾಗಿ ಬಂದವನಲ್ಲ. ಅವನ ಅಕ್ಕ ಕರೆತಂದಿದ್ದರು. ಮನೆಯ ಕೆಳಗಿನ ಅಂತಸ್ತಿನಲ್ಲಿ ಅಕ್ಕ, ಭಾವ ಮತ್ತು ಅವರ ಏಳು ತಿಂಗಳ ಮಗು ಇದ್ದರೆ, ಮೇಲಿನ ಕೋಣೆಯಲ್ಲಿ ಇವನ ವಾಸ. ಬೈಕಿನ ಮೂಲ ಸೈಲೆನ್ಸರನ್ನು ತೆಗೆಸಿ, ಒಳಗೆ ಸದ್ದಡಗಿಸುವ ಯಾವ ವ್ಯವಸ್ಥೆಯೂ ಇಲ್ಲದ, ಬರಿಯ ಕೊಳವೆಯಂಥ ಇನ್ನೊಂದನ್ನು ಹಾಕಿಸಿ ಎಂಟು ತಿಂಗಳಾಗಿತ್ತು. ಪಾಳಿ ಮುಗಿಸಿ ರಾತ್ರಿ ಹನ್ನೊಂದೂವರೆಗೆ ಗೇಟಿನ ಬಳಿ ಬಂದು, ಗಾಡಿ ಆಫ್ ಮಾಡುವ ಮುನ್ನ ಒಮ್ಮೆ ಆಕ್ಸಿಲರೇಟರ್ ತಿರುವುವುದು ಅವನ ರೂಢಿ. ಮಗು ಬೆಚ್ಚಿ ಎದ್ದರೆ ಮತ್ತೆ ಮಲಗಿಸಲು ಒಂದು ಗಂಟೆ ಬೇಕು. ಭಾವ ಅವನೊಡನೆ ಮಾತು ಬಿಟ್ಟು ತಿಂಗಳಾಗಿತ್ತು.

“ಇವನಿಗೆ ಶೋಕಿ ಹಿಡಿದಿದೆ ಮೇಡಂ, ನೀವಾದರೂ ಬುದ್ಧಿ ಹೇಳಿ,” ಎಂದರು ಅಕ್ಕ. ಬುದ್ಧಿ ಹೇಳುವುದು ಆಪ್ತಸಲಹೆಯ ಕೆಲಸವಲ್ಲವೆಂದು ಸಾಮಾನ್ಯವಾಗಿ ವಿವರಿಸುತ್ತೇನೆ. ನಿದ್ದೆಗೆಟ್ಟು ಕುಳಿತಿದ್ದ ಅವರ ಮುಂದೆ ಅಂದು ಅದನ್ನು ವಿವರಿಸಲು ಮನಸ್ಸಾಗಲಿಲ್ಲ.

ಒಬ್ಬನೇ ಕುಳಿತಾಗ ಯುವಕ ಹೇಳಿದ ಮೊದಲ ಮಾತು, “ಸದ್ದಿದ್ದರೆ ಜೀವ ಉಳಿಯುತ್ತೆ ಮೇಡಂ, ಅದು ನಿಮಗೆ ಗೊತ್ತಾಗಲ್ಲ.” ಇದು ಮೊದಲು ಯಾವಾಗ ಅನ್ನಿಸಿತೆಂದು ಕೇಳಿದೆ. ಹಿಂದಿನ ವರ್ಷ, ಕೂಡುರಸ್ತೆಯೊಂದರಲ್ಲಿ, ಎದುರಿನಿಂದ ಬಂದ ಕಾರು ಅಡ್ಡ ತಿರುಗಿ ಅವನನ್ನು ಬೀಳಿಸಿತ್ತು, ಕೊರಳೆಲುಬು ಮುರಿದಿತ್ತು. ಕಾರಿನಿಂದಿಳಿದವರು ಗಾಬರಿಯಲ್ಲಿ “ನಾನು ನಿಮ್ಮನ್ನು ನೋಡಲೇ ಇಲ್ಲ” ಎಂದರಂತೆ. ಆ ಒಂದು ಗಂಟೆಯಲ್ಲಿ ಎಲುಬು ಮುರಿದದ್ದನ್ನು ಅವನು ಒಮ್ಮೆ ಹೇಳಿದ. ‘ನೋಡಲೇ ಇಲ್ಲ’ ಎಂಬುದನ್ನು ನಾಲ್ಕು ಬಾರಿ ಹೇಳಿದ. ಗಾಡಿ ರಿಪೇರಿಗೆ ಹೋದಾಗಲೇ ಸೈಲೆನ್ಸರ್ ಬದಲಾಗಿತ್ತು. ಕೂಡುರಸ್ತೆ ಹತ್ತಿರವಾದರೆ ಈಗಲೂ ಅಂಗೈ ಬೆವರುತ್ತದೆ ಎಂಬುದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅಂದರೆ ಮನೆಯವರು ಶೋಕಿಯೆಂದು ತಿಳಿದದ್ದು ಭಯವಾಗಿತ್ತು. ಆ ಭಯ ಸುಳ್ಳಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳದಿದ್ದರೆ ಮುಂದಿನ ಯಾವ ಮಾತೂ ಅವನಿಗೆ ತಲುಪುವುದಿಲ್ಲವೆಂದು ನನಗೆ ಅನ್ನಿಸಿತು. ಅಮೆರಿಕದ ಸಂಶೋಧಕ ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲೀಸ್ ಪ್ರದೇಶದ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅವನ ಅನುಭವವೇ ಇದೆ: ಸುಮಾರು ಮುಕ್ಕಾಲು ಪಾಲು ಅಪಘಾತಗಳು ಇನ್ನೊಂದು ವಾಹನದೊಡನೆ ಆದವು, ಮತ್ತು ಅವುಗಳಿಗೆ ಮುಖ್ಯ ಕಾರಣ ಆ ವಾಹನದ ಚಾಲಕರು ಬೈಕನ್ನು ಗಮನಿಸದೆ ಹೋದದ್ದು. ಇದನ್ನು ಓದಿ ಹೇಳಿದಾಗ ಅವನು ಮೊದಲ ಬಾರಿಗೆ ಕುರ್ಚಿಯ ಬೆನ್ನಿಗೆ ಒರಗಿದ. ಆದರೆ ಅದೇ ವರದಿಯ ಪ್ರಕಾರ ಅಪಾಯ ಹೆಚ್ಚಾಗಿ ಬರುವುದು ಸವಾರನ ಮುಂದಿನಿಂದ; ಸೈಲೆನ್ಸರಿನ ಬಾಯಿ ಇರುವುದು ಹಿಂದಕ್ಕೆ.

ವಾದ ಮಾಡುವ ಬದಲು ಒಂದು ಪ್ರಯೋಗ ಸೂಚಿಸಿದೆ. ರಜೆಯ ದಿನ ಖಾಲಿ ಮೈದಾನದಲ್ಲಿ ಕಾರಿನ ಗಾಜುಗಳನ್ನೆಲ್ಲ ಏರಿಸಿ, ಹಾಡು ಹಾಕಿ, ಕಣ್ಣು ಮುಚ್ಚಿ ಕುಳಿತುಕೊಳ್ಳಬೇಕು. ಅವನದೇ ಬೈಕನ್ನು ಗೆಳೆಯನೊಬ್ಬ ಎದುರಿನಿಂದ ಓಡಿಸಿಕೊಂಡು ಬರಬೇಕು. ಸದ್ದು ಕೇಳಿದ ಕೂಡಲೇ ಕೈ ಎತ್ತಬೇಕು. ಮುಂದಿನ ಭೇಟಿಯಲ್ಲಿ ಅವನೇ ಹೇಳಿದ, ಮೂರು ಸಲವೂ ಕೈ ಎತ್ತುವಷ್ಟರಲ್ಲಿ ಗಾಡಿ ಬಾನೆಟ್ಟಿನ ಹತ್ತಿರವೇ ಇತ್ತು, ಯಾವ ಕಡೆಯಿಂದ ಬರುತ್ತಿದೆಯೆಂಬುದು ಆಗಲೂ ತಿಳಿಯಲಿಲ್ಲ, ದಾಟಿ ಹೋದ ಮೇಲೆ ಮಾತ್ರ ಕಿವಿ ಗಡಚಿಕ್ಕಿತು ಎಂದು. ನನ್ನ ಹತ್ತು ಭೇಟಿಗಳು ಆ ಕೆಲಸ ಮಾಡುತ್ತಿರಲಿಲ್ಲ.

ಅವನ ಕಿವಿಯ ಮಾತನ್ನೂ ಎತ್ತಿದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ. ಪ್ರತಿ 3 ಡೆಸಿಬಲ್ ಹೆಚ್ಚಾದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ, ಆದ್ದರಿಂದ 100 ಡೆಸಿಬಲ್‌ನಲ್ಲಿ ಉಳಿಯುವುದು ಕಾಲು ಗಂಟೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಮಲಗಿದಾಗ ಕಿವಿಯಲ್ಲಿ ಸಣ್ಣಗೆ ಗುಂಯ್‌ಗುಡುತ್ತದೆ ಎಂದು ಆಗ ಬಾಯಿಬಿಟ್ಟ. ಕಿವಿ ತಜ್ಞರ ಬಳಿಗೆ ಕಳುಹಿಸಿದೆ. ಹಾರ್ನ್, ಆಂಬುಲೆನ್ಸಿನ ಸೈರನ್, ಹಿಂದಿನವರ ಬ್ರೇಕಿನ ಕಿರುಚಾಟ ಇವೆಲ್ಲ ಮೊದಲು ಮುಚ್ಚಿಹೋಗುವುದು ಆ ಬೈಕಿನ ಮೇಲೆ ಕುಳಿತವನ ಕಿವಿಗೇ.

ಅಕ್ಕನಿಗೆ ನಾನು ಹೇಳಿದ್ದು ಒಂದೇ: ಜಗಳ ಬೇಡ, ಎರಡು ವಾರ ಬರೆದಿಡಿ. ಅವರು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಗಾಡಿ ಬಂದ ಹೊತ್ತು, ಮಗು ಎದ್ದ ಹೊತ್ತು, ಮತ್ತೆ ಮಲಗಿದ ಹೊತ್ತು ಎಂದು ಮೂರು ಸಾಲು ಮಾಡಿದ್ದರು. ಹದಿನಾಲ್ಕರಲ್ಲಿ ಹನ್ನೊಂದು ರಾತ್ರಿ ತುಂಬಿತ್ತು. ಒಂದು ಕಡೆ ಹೊತ್ತಿನ ಬದಲು ‘ನಾನೂ ಅತ್ತೆ’ ಎಂದಿತ್ತು. ಅದನ್ನೋದಿದ ತಮ್ಮ ಬಹಳ ಹೊತ್ತು ಪುಟ ಮಗುಚಲಿಲ್ಲ. ಎಚ್ಚರವಾಗದೆ ಮಲಗಿಯೇ ಇದ್ದವರಲ್ಲಿಯೂ ಹಠಾತ್ ಸದ್ದಿಗೆ ಎದೆಬಡಿತ ಏರುತ್ತದೆ ಎಂದು ಹೇಳಬೇಕೆಂದಿದ್ದೆ, ಆಗ ಅದು ಬೇಕಾಗಲಿಲ್ಲ.

ಕೊಟ್ಟ ಸಲಹೆಯ ತಿರುಳು, ಕಾಣಿಸಿಕೊಳ್ಳಬೇಕೆಂಬ ಅವನ ಹಂಬಲವನ್ನು ಬಿಡಿಸದೆ ಅದನ್ನು ಕಿವಿಯಿಂದ ಕಣ್ಣಿಗೆ ವರ್ಗಾಯಿಸುವುದು. ಮೂಲ ಸೈಲೆನ್ಸರ್ ಮರಳಿ ಹಾಕಿಸುವುದು, ಹಗಲಿನಲ್ಲಿಯೂ ಹೆಡ್‌ಲೈಟ್ ಉರಿಸುವುದು, ಕಪ್ಪು ಜಾಕೆಟ್ಟಿನ ಬದಲು ಎದ್ದು ಕಾಣುವ ಬಣ್ಣದ್ದು, ಕೂಡುರಸ್ತೆಗೆ ಮುನ್ನ ವೇಗ ತಗ್ಗಿಸಿ ಬ್ರೇಕಿನ ಮೇಲೆ ಬೆರಳಿಟ್ಟು ಎದುರಿನ ಕಾರಿನ ಮುಂದಿನ ಚಕ್ರ ತಿರುಗುತ್ತಿದೆಯೇ ಎಂದು ಗಮನಿಸುವುದು. ತುರ್ತು ಬ್ರೇಕ್ ಹಾಕುವುದನ್ನು ಸವಾರಿ ತರಬೇತುದಾರರಿಂದ ಕಲಿಯಲು ಹೇಳಿದೆ, ಅದು ನನ್ನ ವಿದ್ಯೆಯಲ್ಲ. ಇನ್ನೊಂದು ಸಂಗತಿ ಆಕಸ್ಮಿಕವಾಗಿ ಕಣ್ಣಿಗೆ ಬಿತ್ತು: ಮೇಜಿನ ಮೇಲಿಟ್ಟ ಅವನ ಹೆಲ್ಮೆಟ್ಟಿನ ಪಟ್ಟಿಯ ಬಕಲ್ ಮುರಿದಿತ್ತು, ಪಟ್ಟಿಯನ್ನು ಗಂಟು ಹಾಕಿದ್ದ. ಹೆಲ್ಮೆಟ್ ಸಾವಿನ ಸಂಭವವನ್ನು ಸುಮಾರು ಶೇ. 42ರಷ್ಟು, ತಲೆಗೆ ಪೆಟ್ಟಾಗುವ ಸಂಭವವನ್ನು ಸುಮಾರು ಶೇ. 69ರಷ್ಟು ತಗ್ಗಿಸುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆ ತೋರಿಸಿದೆ. ಬಿದ್ದ ಕೂಡಲೇ ತಲೆಯಿಂದ ಕಳಚುವ ಹೆಲ್ಮೆಟ್ಟಿಗೆ ಆ ಲೆಕ್ಕ ಅನ್ವಯಿಸದು. ಜೀವದ ಭಯಕ್ಕೆ ಸೈಲೆನ್ಸರ್ ಹಾಕಿಸಿದವನು ಬಕಲ್ ಹಾಕಿಸಿರಲಿಲ್ಲ. ಇದನ್ನು ನಾನು ಸ್ವಲ್ಪ ಗಡುಸಾಗಿಯೇ ಹೇಳಿದೆ, ಅವನು ನಕ್ಕ.

ಭಯಕ್ಕೆ ಬೇರೆ ಕ್ರಮ ಬೇಕಿತ್ತು. ಮೊದಲ ವಾರ ಅದೇ ಕೂಡುರಸ್ತೆಯ ಪಕ್ಕ ಕಾಲ್ನಡಿಗೆಯಲ್ಲಿ ಹೋಗಿ ಹತ್ತು ನಿಮಿಷ ನಿಲ್ಲುವುದು, ಆಮೇಲೆ ಗೆಳೆಯನ ಹಿಂದೆ ಕುಳಿತು ದಾಟುವುದು, ಕೊನೆಗೆ ತಾನೇ ಓಡಿಸುವುದು. ಭಾವನ ಬಳಿ ಕ್ಷಮೆ ಕೇಳೆಂದು ನಾನು ಹೇಳಲಿಲ್ಲ. ಅಪಘಾತದ ನಂತರದ ಹೆದರಿಕೆಯನ್ನು ಹೇಳಿಕೊಂಡರೆ ಸಾಕು ಎಂದೆ.

ನಾಲ್ಕು ತಿಂಗಳ ನಂತರದ ಭೇಟಿಯ ಹೊತ್ತಿಗೆ ಮೂಲ ಸೈಲೆನ್ಸರ್ ಮರಳಿತ್ತು, ಹೊಸ ಹೆಲ್ಮೆಟ್ ಬಂದಿತ್ತು. ರಾತ್ರಿ ಬೀದಿಯ ತಿರುವಿನಲ್ಲಿಯೇ ಇಂಜಿನ್ ಆಫ್ ಮಾಡಿ ಗಾಡಿಯನ್ನು ಗೇಟಿನವರೆಗೆ ತಳ್ಳಿಕೊಂಡು ಬರುವುದನ್ನು ನಾನು ಹೇಳಿರಲಿಲ್ಲ, ಅದು ಅವನದೇ ಯೋಚನೆ. ಕೂಡುರಸ್ತೆಯಲ್ಲಿ ಅಂಗೈ ಬೆವರುವುದು ಕಡಿಮೆಯಾಗಿದೆ, ನಿಂತಿಲ್ಲ, ತಿಂಗಳಿಗೊಮ್ಮೆ ಬರುತ್ತಿದ್ದಾನೆ. ಭಾವ ಮಾತಾಡುತ್ತಾರೆ, ಗಾಡಿಯ ವಿಷಯವೊಂದನ್ನು ಬಿಟ್ಟು.