ತಾರಸಿ ಸೋಲಾರ್: 10 ಡಿಗ್ರಿಯೋ, 25 ಡಿಗ್ರಿಯೋ?

ಪ್ರಶ್ನೆ: ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸುತ್ತಿದ್ದೇವೆ. ಬ್ಯಾಟರಿ ಇಲ್ಲ, ನೆಟ್ ಮೀಟರ್. ಒಬ್ಬರು ಪ್ಯಾನೆಲ್ 10 ಡಿಗ್ರಿ ಓರೆ ಇದ್ದರೆ ಸಾಕು ಅನ್ನುತ್ತಾರೆ. ಇನ್ನೊಬ್ಬರು 25 ಬೇಕೇ ಬೇಕು, ಇಲ್ಲದಿದ್ದರೆ ಚಳಿಗಾಲದಲ್ಲಿ ಕರೆಂಟ್ ಬರಲ್ಲ ಅನ್ನುತ್ತಾರೆ. ಯಾರ ಮಾತು ಕೇಳೋಣ? (ದಾವಣಗೆರೆ)

ಉತ್ತರ: 15 ಡಿಗ್ರಿ ಹಾಕಿಸಿ, ಮುಖ ದಕ್ಷಿಣಕ್ಕೆ. 10 ಆದರೂ ಚಿಂತೆ ಇಲ್ಲ. 25 ಬೇಡ.

ನಿಮ್ಮೂರು ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಊರಿನ ಅಕ್ಷಾಂಶ ಎಷ್ಟೋ ಓರೆಯೂ ಅಷ್ಟೇ ಅನ್ನುವುದು ಹಳೆಯ ಲೆಕ್ಕ, ನಮ್ಮ ಕಡೆಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಡಿಸೆಂಬರ್ 21ರ ಮಧ್ಯಾಹ್ನ ದಾವಣಗೆರೆಯಲ್ಲಿ ಸೂರ್ಯ ನೆತ್ತಿಯಿಂದ 38 ಡಿಗ್ರಿ ದಕ್ಷಿಣಕ್ಕೆ ಇರುತ್ತಾನೆ, ಜೂನ್ 21ಕ್ಕೆ 9 ಡಿಗ್ರಿ ಉತ್ತರಕ್ಕೇ ಹೋಗಿಬಿಟ್ಟಿರುತ್ತಾನೆ, ಈ ಎರಡರ ನಡುವೆ ಎಲ್ಲೋ ಒಂದು ಕಡೆ ಪ್ಯಾನೆಲ್ ಮುಖ ಮಾಡಿ ನಿಲ್ಲಬೇಕು. ಸರಿಯಾಗಿ ನಡುವೆ ಅಂದರೆ ಅದೇ 14.5. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಮೋಡ ಜಾಸ್ತಿ. ಒಳ್ಳೆ ಬಿಸಿಲು ಸಿಗುವ ತಿಂಗಳುಗಳಲ್ಲಿ ಬಹುಪಾಲು ಸೂರ್ಯ ದಕ್ಷಿಣಕ್ಕೆ ಇರುತ್ತಾನೆ. ಹಾಗಾಗಿ ಒಂದೆರಡು ಡಿಗ್ರಿ ಹೆಚ್ಚೇ ಇದ್ದರೂ ಒಳ್ಳೆಯದೇ.

ಚಳಿಗಾಲಕ್ಕಾಗಿ ಕಡಿದಾಗಿ ನಿಲ್ಲಿಸಿ ಅನ್ನುವ ಸಲಹೆ ಬಂದಿರುವುದು ಚಳಿದೇಶಗಳಿಂದ. ಅಲ್ಲಿ ಚಳಿಗಾಲದ ಸೂರ್ಯ ದಿಗಂತ ಬಿಟ್ಟು ಮೇಲೇಳುವುದೇ ಕಷ್ಟ. ನಮ್ಮಲ್ಲಿ ಡಿಸೆಂಬರ್, ಜನವರಿಯ ಆಕಾಶ ತಿಳಿಯಾಗಿರುತ್ತದೆ, ಉತ್ಪಾದನೆ ಬೀಳುವುದು ಜುಲೈ-ಆಗಸ್ಟ್‌ನ ಮೋಡದಲ್ಲಿ. ಮೋಡದ ಬೆಳಕು ಆಕಾಶದ ಎಲ್ಲ ಕಡೆಯಿಂದ ಬರುತ್ತದೆ, ಅದನ್ನು ಹಿಡಿಯಲು ಪ್ಯಾನೆಲ್ ಚಪ್ಪಟೆ ಇದ್ದಷ್ಟೂ ಒಳ್ಳೆಯದು. ಮೇಲಾಗಿ ನಿಮ್ಮದು ನೆಟ್ ಮೀಟರ್ ಮೂಲಕ ಗ್ರಿಡ್‌ಗೆ ಸೇರಿದ ವ್ಯವಸ್ಥೆ, ಅಂದರೆ ಹೆಚ್ಚಾದ ಕರೆಂಟ್ ಊರಿನ ಲೈನಿಗೆ ಹೋಗುತ್ತದೆ, ಕಡಿಮೆ ಬಿದ್ದಾಗ ಅಲ್ಲಿಂದಲೇ ಬರುತ್ತದೆ. ಯಾವುದೋ ಒಂದು ತಿಂಗಳನ್ನು ದಾಟಿಸುವ ತಲೆಬಿಸಿ ಇಲ್ಲ, ವರ್ಷದ ಒಟ್ಟು ಯೂನಿಟ್ ನೋಡಿಕೊಂಡರೆ ಆಯಿತು.

ಆ ಒಟ್ಟಿನಲ್ಲಿ 10 ಮತ್ತು 20 ಡಿಗ್ರಿಗಳ ನಡುವೆ ಎಲ್ಲಿ ನಿಲ್ಲಿಸಿದರೂ ವ್ಯತ್ಯಾಸ ಶೇ. 1ರ ಆಸುಪಾಸು. 25ರಲ್ಲೂ ಯೂನಿಟ್ ನಷ್ಟ ದೊಡ್ಡದಲ್ಲ, ತೊಂದರೆ ಇರುವುದು ಎತ್ತರದಲ್ಲಿ. 2.3 ಮೀಟರ್ ಉದ್ದದ ಪ್ಯಾನೆಲ್ಲಿನ ಹಿಂದಿನ ತುದಿ 15 ಡಿಗ್ರಿಗೆ ಎರಡಡಿ ಏಳುತ್ತದೆ, 25ಕ್ಕೆ ಮೂರಡಿ ದಾಟುತ್ತದೆ. ಗಾಳಿಯ ಹೊಡೆತ ಹೆಚ್ಚು, ಕಬ್ಬಿಣ ಹೆಚ್ಚು, ಹಿಂದಿನ ಸಾಲಿನ ಮೇಲೆ ನೆರಳೂ ಹೆಚ್ಚು. ಎರಡು ಸಾಲು ಹಾಕಿಸುವುದಾದರೆ ಮುಂದಿನ ಸಾಲು ಎಷ್ಟು ಎತ್ತರ ಎದ್ದಿದೆಯೋ ಕನಿಷ್ಠ ಅಷ್ಟು ಜಾಗ ನಡುವೆ ಬಿಡಿಸಿ. ಆಗ ಡಿಸೆಂಬರ್‌ನಲ್ಲೂ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ನೆರಳು ಕಾಡುವುದಿಲ್ಲ.

ದಯವಿಟ್ಟು ಡಿಗ್ರಿಗಿಂತ ನೆರಳಿನ ಬಗ್ಗೆ ಆ ಇಬ್ಬರನ್ನೂ ಜಾಸ್ತಿ ಪ್ರಶ್ನೆ ಕೇಳಿ. ನೀರಿನ ಟ್ಯಾಂಕ್, ಮೆಟ್ಟಿಲ ಮೇಲಿನ ಕೋಣೆ, ಪಕ್ಕದ ಮನೆಯ ಗೋಡೆ, ಇವುಗಳ ನೆರಳು ಒಂದೇ ಒಂದು ಪ್ಯಾನೆಲ್ ಮೇಲೆ ಬಿದ್ದರೂ ಒಂದೇ ತಂತಿಯ ಸಾಲಿನಲ್ಲಿ ಜೋಡಿಸಿದ ಉಳಿದವುಗಳಿಗೂ ಪೆಟ್ಟು ಬೀಳಬಹುದು. ಟ್ಯಾಂಕ್ ಸರಿಸಲು ಆಗದಿದ್ದರೆ ಅದರ ದಕ್ಷಿಣಕ್ಕೆ ಪ್ಯಾನೆಲ್ ಬರುವಂತೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮದು ಹೆಂಚಿನ ಮನೆ. ಮಾಡು ಪೂರ್ವಕ್ಕೂ ಪಶ್ಚಿಮಕ್ಕೂ ಇಳಿಯುತ್ತದೆ. ದಕ್ಷಿಣಕ್ಕೆ ತಿರುಗಿಸಲು ಬೇರೆ ಸ್ಟ್ಯಾಂಡ್ ಮಾಡಿಸಬೇಕಾ? (ಕುಂದಾಪುರ)

ಉತ್ತರ: ಬೇಡ. ಮಾಡಿನ ಇಳಿಜಾರಿಗೇ ಅಂಟಿದಂತೆ ಹಾಕಿಸಿ. ದಕ್ಷಿಣಕ್ಕೆ ಹೋಲಿಸಿದರೆ ವರ್ಷಕ್ಕೆ ಆಗುವ ನಷ್ಟ ಸಾಮಾನ್ಯವಾಗಿ ಶೇ. 10ರ ಒಳಗೇ ಇರುತ್ತದೆ. ಜೂನ್‌ನ ಕಡಲ ಗಾಳಿಗೆ ಎದುರಾಗಿ ಹೆಂಚಿನ ಮೇಲೆ ಸ್ಟ್ಯಾಂಡ್ ಎಬ್ಬಿಸುವ ಬದಲು ಒಂದು ಪ್ಯಾನೆಲ್ ಹೆಚ್ಚಿಗೆ ಹಾಕಿಸುವುದೇ ಮೇಲು. ಎರಡೂ ಕಡೆ ಹಾಕುವುದಾದರೆ ಪೂರ್ವದ್ದನ್ನು ಪಶ್ಚಿಮದ್ದನ್ನು ಒಂದೇ ತಂತಿಯ ಸಾಲಿಗೆ ಸೇರಿಸಬಾರದು. ಎರಡು ಎಂಪಿಪಿಟಿ (ಒಂದೊಂದು ಸಾಲಿನಿಂದ ಆ ಹೊತ್ತಿಗೆ ಸಿಗುವಷ್ಟು ಪೂರ್ತಿ ಕರೆಂಟ್ ಪಡೆಯುವ ಭಾಗ) ಇರುವ ಇನ್ವರ್ಟರ್ ಕೇಳಿ ಪಡೆಯಿರಿ.

ಮೊದಲು ಆಚಾರಿಯನ್ನು ಕರೆಸಿ ಹೆಂಚು ಹೊರುವ ಮರದ ಪಕ್ಕಾಸು, ರೀಪು ಗಟ್ಟಿ ಇವೆಯೇ ನೋಡಿಸಿ. ಈಗಿನ ದೊಡ್ಡ ಪ್ಯಾನೆಲ್ ಒಂದೊಂದೂ 25 ಕೆಜಿ ಮೀರುತ್ತದೆ. ಉಪ್ಪುಗಾಳಿ ಇರುವುದರಿಂದ ಅಲ್ಯೂಮಿನಿಯಂ ಪಟ್ಟಿ, ಸ್ಟೇನ್‌ಲೆಸ್ ಬೋಲ್ಟ್ ಇರಲಿ.

ಪ್ರಶ್ನೆ: ವಾಸ್ತು ಪ್ರಕಾರ ಇಳಿಜಾರು ಉತ್ತರಕ್ಕೆ ಇರಬೇಕು ಅಂತ ಮನೆಯಲ್ಲಿ ಹಿರಿಯರು ಹೇಳುತ್ತಿದ್ದಾರೆ. ಉತ್ತರಕ್ಕೆ ಹಾಕಿದರೆ ನಡೆಯುತ್ತಾ? (ಹಾಸನ)

ಉತ್ತರ: ನಡೆಯುತ್ತದೆ, ಆದರೆ ನಷ್ಟ. ಉತ್ತರಕ್ಕೆ 15 ಡಿಗ್ರಿ ಓರೆ ಮಾಡಿದರೆ ಡಿಸೆಂಬರ್ ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಮೂರನೇ ಒಂದು ಭಾಗ ಕೈತಪ್ಪುತ್ತದೆ. ತಾರಸಿಯ ನೀರು ಹರಿಯುವ ಇಳಿಜಾರು ಹಾಗೆಯೇ ಇರುತ್ತದೆ, ಅದರ ಮೇಲೆ ಸ್ಟ್ಯಾಂಡ್ ಮಾತ್ರ ದಕ್ಷಿಣಕ್ಕೆ ತಿರುಗಿರುತ್ತದೆ ಎಂದು ಹಿರಿಯರಿಗೆ ತೋರಿಸಿ ಹೇಳಿ. ಅವರು ಒಪ್ಪಲೇ ಇಲ್ಲವೆಂದರೆ ಪೂರ್ವಕ್ಕೆ 10 ಡಿಗ್ರಿ ಹಾಕಿಸಿ. ಅದರಲ್ಲಿ ಕಳೆದುಕೊಳ್ಳುವುದು ಕಡಿಮೆ.

ಪ್ರಶ್ನೆ: ವರ್ಷಕ್ಕೆ ಎರಡು ಸಲ ಓರೆ ಬದಲಿಸುವ ಸ್ಟ್ಯಾಂಡ್ ಬಂದಿದೆಯಂತೆ. ಹಾಕಿಸಲೇ? ನಮ್ಮಲ್ಲಿ ಧೂಳೂ ಬಹಳ. (ಕಲಬುರಗಿ)

ಉತ್ತರ: ಮನೆಗೆ ಅಷ್ಟು ಬೇಕಿಲ್ಲ. ಹಾಗೆ ಬದಲಿಸಿದರೆ ಶೇ. 3-4 ಹೆಚ್ಚು ಸಿಗಬಹುದು. 3 ಕಿಲೋವ್ಯಾಟಿಗೆ ವರ್ಷಕ್ಕೆ 4,000 ಯೂನಿಟ್ ಅಂದುಕೊಂಡರೆ 150 ಯೂನಿಟ್ ಆಯಿತು. ಅದಕ್ಕಾಗಿ ಪ್ರತಿ ಸಲ ನಟ್ಟು ಬೋಲ್ಟು ಬಿಚ್ಚಿ ಬಿಗಿಯಬೇಕು, ಒಂದು ಸಡಿಲ ಉಳಿದರೂ ಮೇ ತಿಂಗಳ ಬಿರುಗಾಳಿಗೆ ಅಪಾಯ. 17 ಡಿಗ್ರಿಗೆ ಗಟ್ಟಿಯಾಗಿ ಕೂರಿಸಿಬಿಡಿ.

ನಿಮ್ಮ ಕಡೆ ಮಳೆಗಾಲ ಮುಗಿದು ಮುಂದಿನ ಮಳೆ ಬರುವವರೆಗೆ ಪ್ಯಾನೆಲ್ ತೊಳೆಯದೆ ಬಿಟ್ಟರೆ ಧೂಳಿನಿಂದ ಇದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತೀರಿ. ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಬಿಸಿಲೇರುವ ಮುಂಚೆಯೇ ಮಾಡಿ, ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಹಾಗೇ ಒಣಗಲು ಬಿಡದೆ ಮೆತ್ತನೆ ವೈಪರ್‌ನಿಂದ ಎಳೆದುಬಿಡಿ, ಇಲ್ಲದಿದ್ದರೆ ಬಿಳಿ ಕಲೆ ಕೂತುಬಿಡುತ್ತದೆ.