ಡಿಸೆಂಟ್ರಾಲ್ಯಾಂಡ್ ಜಾಗದ ಬೆಲೆ: ಏಳು ದಿನದ ಸರಾಸರಿಯೋ, ಮೂವತ್ತು ದಿನದ್ದೋ?

ಹಾಸನದಿಂದ ಕೇಳಿದ್ದೀರಿ, ಡಿಸೆಂಟ್ರಾಲ್ಯಾಂಡ್ ಎಂಬ ಆನ್‌ಲೈನ್ ವರ್ಚುವಲ್ ಲೋಕದ ಜಾಗದ ಬೆಲೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಫ್ಲೋರ್ ಪ್ರೈಸ್‌ನ ಏಳು ದಿನದ ಸರಾಸರಿ ಹಿಡಿಯಲೋ, ಮೂವತ್ತು ದಿನದ್ದೋ ಅಂತ. ಇಲ್ಲಿ ಚಿಕ್ಕಮಗಳೂರಿನಲ್ಲಿ ನಾನೂ ಇಂಥ ಸರಾಸರಿಗಳ ಲೆಕ್ಕದ ಶೀಟ್‌ನಿಂದಲೇ ಶುರು ಮಾಡಿದವನು. ನೇರವಾಗಿ ಹೇಳುತ್ತೇನೆ, ಎರಡೂ ಬೇಡ. ಫ್ಲೋರ್ ಅಂದರೆ ಮಾರುವವರು ಕೇಳುತ್ತಿರುವ ಬೆಲೆಗಳಲ್ಲಿ ಅತಿ ಕಡಿಮೆಯದ್ದು ಅಷ್ಟೇ. ಆ ಬೆಲೆಗೆ ಯಾರೂ ಕೊಂಡಿರಬೇಕೆಂದಿಲ್ಲ. ಮುಗಿದ ವ್ಯವಹಾರಗಳನ್ನು ಮಾತ್ರ ಬರೆದುಕೊಳ್ಳಿ: ತಾರೀಖು, ಪಾರ್ಸೆಲ್‌ನ (ಜಾಗದ ಒಂದು ತುಂಡಿನ) ಕೋಆರ್ಡಿನೇಟ್ ಅಂದರೆ ನಕ್ಷೆಯಲ್ಲಿನ ಸ್ಥಾನ, ಬೆಲೆ, ಯಾವ ಕ್ರಿಪ್ಟೊ ಹಣದಲ್ಲಿ, ಕೊಟ್ಟವರ ಮತ್ತು ಕೊಂಡವರ ವಾಲೆಟ್ (ಕ್ರಿಪ್ಟೊ ಖಾತೆ).

ಲೆಕ್ಕ ಕೆಡುವುದು ಎಸ್ಟೇಟ್‌ನಿಂದ. 16 ಮೀಟರ್ ಚೌಕದ ಪಾರ್ಸೆಲ್‌ಗಳನ್ನು ಕೂಡಿಸಿ ಒಂದೇ ಟೋಕನ್ (ಒಡೆತನದ ಡಿಜಿಟಲ್ ಪತ್ರ) ಮಾಡಿ, ಎಸ್ಟೇಟ್ ಅಂತ ಮಾರಬಹುದು. ಡೇಟಾದಲ್ಲಿ ಅದು ಒಂದು ಸಾಲಾಗಿ ಬರುತ್ತದೆ. 2021ರ ನವೆಂಬರ್‌ನಲ್ಲಿ ಫ್ಯಾಷನ್ ಜಿಲ್ಲೆಯ 116 ಪಾರ್ಸೆಲ್‌ಗಳ ಎಸ್ಟೇಟ್ 6,18,000 ಮಾನಾಗೆ (ಡಿಸೆಂಟ್ರಾಲ್ಯಾಂಡ್‌ನದೇ ಕ್ರಿಪ್ಟೊ ಹಣ) ಹೋಯಿತು. ಅದೇ ವಾರ ಬಿಡಿ ಪಾರ್ಸೆಲ್ ಒಂಬತ್ತು, ತಲಾ 4,000 ಮಾನಾಗೆ ಮಾರಾಟವಾದವು ಅಂದುಕೊಳ್ಳಿ. ಹತ್ತು ಸಾಲಿನ ಸರಾಸರಿ 65,400! ಆ ಬೆಲೆಗೆ ಒಂದು ಪಾರ್ಸೆಲ್ಲೂ ಮಾರಾಟವಾಗಿಲ್ಲ. ಒಟ್ಟು ಹಣವನ್ನು 125 ಪಾರ್ಸೆಲ್‌ಗೆ ಭಾಗಿಸಿದರೆ 5,232. ಅದೂ ಸರಿಯಲ್ಲ, ಯಾಕೆಂದರೆ 125ರಲ್ಲಿ 116ರ ತೂಕ ಒಬ್ಬನೇ ಖರೀದಿದಾರನದು. ಪ್ರತಿ ಸಾಲಿಗೂ ಪಾರ್ಸೆಲ್ ಒಂದಕ್ಕೆ ಎಷ್ಟು ಅಂತ ಮಾಡಿ, ಮಧ್ಯಾಂಕ, ಅಂದರೆ ಬೆಲೆಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವುದನ್ನು ತೆಗೆಯಿರಿ: 4,000. ಇನ್ನೂ ಒಳ್ಳೆಯದು, ಎಸ್ಟೇಟ್‌ಗಳಿಗೆ ಬೇರೆಯೇ ಗ್ರಾಫ್ ಇಡಿ. ಒಂದಕ್ಕೊಂದು ಅಂಟಿಕೊಂಡಿರುವ ಜಾಗಕ್ಕೆ ಬೇರೆ ಬೆಲೆ. ಇಲ್ಲಿ ಇನ್ನೊಂದು ಗುಂಡಿ ಇದೆ. ಎಸ್ಟೇಟ್‌ನ ಐಡಿ ಬದಲಾಗದೆಯೇ ಒಳಗಿನ ಪಾರ್ಸೆಲ್ ತೆಗೆಯಬಹುದು, ಸೇರಿಸಬಹುದು. ಹಾಗಾಗಿ ಇವತ್ತಿನ ಪಾರ್ಸೆಲ್ ಸಂಖ್ಯೆಯಿಂದ ಹಳೆಯ ಬೆಲೆಯನ್ನು ಭಾಗಿಸಬೇಡಿ. ಮಾರಿದ ದಿನ ಎಷ್ಟಿತ್ತು ಅಂತ ಬ್ಲಾಕ್‌ಚೈನ್‌ನಲ್ಲೇ, ಅಂದರೆ ಈ ವ್ಯವಹಾರಗಳೆಲ್ಲ ದಾಖಲಾಗುವ ಸಾರ್ವಜನಿಕ ಕಡತದಲ್ಲೇ ನೋಡಿ.

ಬೆಲೆಗೆ ಎರಡು ಕಾಲಂ ಇರಲಿ, ಮಾನಾ ಮತ್ತು ಆ ದಿನದ ದರದಲ್ಲಿ ಡಾಲರ್. ಜಾಗ 4,000ದಿಂದ 3,000 ಮಾನಾಗೆ ಇಳಿದು, ಅಷ್ಟರಲ್ಲಿ ಮಾನಾ ದುಪ್ಪಟ್ಟಾದರೆ ಡಾಲರ್‌ನಲ್ಲಿ ಬೆಲೆ ಒಂದೂವರೆ ಪಟ್ಟಾದಂತೆ ಕಾಣುತ್ತದೆ. ಏರಿದ್ದು ಮಾನಾ, ಜಾಗವಲ್ಲ.

ಸೊನ್ನೆ ಬೆಲೆಯ ವರ್ಗಾವಣೆ ತೆಗೆದುಹಾಕಿ. ಒಂದು ವಾಲೆಟ್‌ನಿಂದ ಹೋಗಿ ಅದಕ್ಕೇ ಮರಳಿದ ಪಾರ್ಸೆಲ್‌ಗಳನ್ನೂ ಬೇರೆ ಇಡಿ. ತಾವೇ ಮಾರಿ ತಾವೇ ಕೊಂಡು ಬೆಲೆ ಏರಿಸುವವರು ಹೆಚ್ಚಾಗಿ ಅಲ್ಲೇ ಸಿಗುತ್ತಾರೆ.

ಇಷ್ಟಾದ ಮೇಲೂ ಮಧ್ಯಾಂಕ ಪೂರ್ತಿ ನಂಬಬೇಡಿ. ನಕ್ಷೆಯ ನಡುವಿನ ಜೆನೆಸಿಸ್ ಪ್ಲಾಜಾ ಪಕ್ಕದ್ದು ಒಂದು ತಿಂಗಳು, ಮೂಲೆಯದ್ದು ಇನ್ನೊಂದು ತಿಂಗಳು ಮಾರಾಟವಾದರೆ ಗ್ರಾಫ್ ಸುಮ್ಮನೆ ಕುಣಿಯುತ್ತದೆ. ನಮ್ಮಲ್ಲಿ ಹೋದ ತಿಂಗಳು ರೋಬಸ್ಟಾ ಚೆರ್ರಿ, ಈ ತಿಂಗಳು ಅರೇಬಿಕಾ ಪಾರ್ಚ್‌ಮೆಂಟ್ ಜಾಸ್ತಿ ಮಾರಿದರು ಅಂತ ಕಾಫಿ ರೇಟು ಏರಿತು ಅನ್ನುತ್ತೇವೆಯೇ? ಅದಕ್ಕೆ ಒಂದೇ ಪಾರ್ಸೆಲ್ ಎರಡು ಸಲ ಮಾರಾಟವಾದ ಜೋಡಿಗಳನ್ನು ಹುಡುಕಿ, ಎರಡನೆಯ ಬೆಲೆಯನ್ನು ಮೊದಲನೆಯದರಿಂದ ಭಾಗಿಸಿ ಲಾಗರಿದಮ್ ತೆಗೆಯಿರಿ, ತಿಂಗಳುಗಳ ಮೇಲೆ ರಿಗ್ರೆಶನ್ (ಯಾವ ತಿಂಗಳು ಬೆಲೆ ಎಷ್ಟು ಬದಲಾಯಿತು ಅಂತ ಅಂದಾಜಿಸುವ ಲೆಕ್ಕ) ಹಾಕಿ. ಅಮೆರಿಕದ ಮನೆ ಬೆಲೆಗಳ ಕೇಸ್-ಶಿಲ್ಲರ್ ಸೂಚ್ಯಂಕದ ಬುಡವೂ ಇದೇ. ಜೋಡಿಗಳು ಕಡಿಮೆ ಸಿಗುತ್ತವೆ. ತಿಂಗಳಿಗೆ ಸಾಲದಿದ್ದರೆ ತ್ರೈಮಾಸಿಕ ಮಾಡಿ, ಪ್ರತಿ ಬಿಂದುವಿನ ಕೆಳಗೆ ಎಷ್ಟು ಜೋಡಿ ಅಂತ ಬರೆಯಿರಿ. ಮೂರು ನಾಲ್ಕು ಜೋಡಿಯ ಬಿಂದುವನ್ನು ನಾನಂತೂ ಗ್ರಾಫ್‌ನಲ್ಲಿ ಹಾಕುವುದಿಲ್ಲ, ಖಾಲಿ ಬಿಡುತ್ತೇನೆ.